ನಿಂತೇ ದುಡಿಯುವವರ ಕಾಲು: ಉಬ್ಬಿದ ‘ನರ’ದ ಹಿಂದಿನ ಒತ್ತಡದ ಲೆಕ್ಕ

ಆಡುಮಾತಿನ ಕನ್ನಡದಲ್ಲಿ ‘ನರ’ ಅನ್ನೋ ಪದಕ್ಕೆ ಕೆಲಸ ಜಾಸ್ತಿ. ಮಿದುಳಿನ ಸಂದೇಶ ಸಾಗಿಸುವುದೂ ನರ, ರಕ್ತ ಸಾಗಿಸುವುದೂ ನರ. ಹಾಗಾಗಿ ‘ಕಾಲಲ್ಲಿ ನರ ಉಬ್ಬಿದೆ’ ಅಂತ ಮೆಡಿಕಲ್ ಶಾಪ್‌ನಲ್ಲಿ ಹೇಳಿದವರಿಗೆ ಎಷ್ಟೋ ಸಲ ಸಿಗೋದು ಬಿ-12 ಮಾತ್ರೆ ಮತ್ತು ನೋವಿನ ಜೆಲ್. ಎರಡರಿಂದಲೂ ಉಬ್ಬು ಇಳಿಯಲ್ಲ, ಯಾಕಂದ್ರೆ ಉಬ್ಬಿರೋದು ನರವಲ್ಲ. ಅದು ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ನಾಳ. ಅದು ಹಿಗ್ಗಿ, ಸೊಟ್ಟಂಬಟ್ಟ ಸುತ್ತಿಕೊಂಡು ಚರ್ಮದಡಿ ಎದ್ದು ಕಾಣುವುದನ್ನು ವೆರಿಕೋಸ್ ವೇನ್ಸ್ ಅಂತಾರೆ. ಅದರ ಹಿಂದಿರುವ ಮೂಲ ತೊಂದರೆಗೆ ವೈದ್ಯರು ಇಟ್ಟಿರುವ ಹೆಸರು ಕ್ರಾನಿಕ್ ವೀನಸ್ ಇನ್‌ಸಫಿಷಿಯೆನ್ಸಿ: ಕಾಲಿನ ರಕ್ತ ಮೇಲೆ ಹೋಗಬೇಕಾದಷ್ಟು ಹೋಗದೆ ಕೆಳಗೇ ನಿಂತುಬಿಡುವುದು.

ಸೀರೆ ಅಂಗಡಿಯ ಸೇಲ್ಸ್ ಹುಡುಗಿಯರು, ದರ್ಶಿನಿಯ ಅಡುಗೆಯವರು, ಟ್ರಾಫಿಕ್ ಪೊಲೀಸರು, ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿ, ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮತ್ತು ಐರನ್ ಟೇಬಲ್ ಮುಂದೆ ನಿಲ್ಲುವವರು, ಕ್ಷೌರಿಕರು, ನರ್ಸ್‌ಗಳು, ಮೇಷ್ಟ್ರುಗಳು. ಇವರ ಕಾಲನ್ನು ಸಂಜೆ ಹೊತ್ತು ಗಮನಿಸಿ. ಡೆನ್ಮಾರ್ಕ್‌ನಲ್ಲಿ ದುಡಿಯುವ ಜನರನ್ನು 12 ವರ್ಷ ಹಿಂಬಾಲಿಸಿದ ಅಧ್ಯಯನವೊಂದಿದೆ. ಕೆಲಸದ ಮುಕ್ಕಾಲು ಪಾಲು ನಿಂತೇ ಕಳೆಯುವ ಮಹಿಳೆಯರು ವೆರಿಕೋಸ್ ವೇನ್ಸ್‌ಗಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಉಳಿದವರಿಗಿಂತ ಸುಮಾರು 1.8 ಪಟ್ಟು ಹೆಚ್ಚು ಅಂತ ಅದು ಹೇಳಿತು. ಹಾಗಂತ ಇದು ಹೆಂಗಸರ ಕಾಯಿಲೆಯೇನಲ್ಲ. 1999ರಲ್ಲಿ ಪ್ರಕಟವಾದ ಎಡಿನ್‌ಬರೋ ವೇನ್ ಸ್ಟಡಿಯಲ್ಲಿ 18ರಿಂದ 64 ವಯಸ್ಸಿನ 1,566 ಜನರ ಕಾಲು ನೋಡಿದಾಗ, ದೊಡ್ಡ ನಾಳಗಳ ಉಬ್ಬು ಗಂಡಸರಲ್ಲಿ ಶೇ. 40, ಹೆಂಗಸರಲ್ಲಿ ಶೇ. 32 ಇತ್ತು. ಗಂಡಸರು ಪ್ಯಾಂಟ್ ಹಾಕ್ಕೊಂಡು ಸುಮ್ಮನಿರ್ತಾರೆ, ಅಷ್ಟೇ.

ನನ್ನ ವಾದ ಒಂದೇ. ಇದು ಒತ್ತಡದ ಕಾಯಿಲೆ. ಚರ್ಮದ್ದಲ್ಲ, ನರದ್ದಲ್ಲ, ‘ಕೆಟ್ಟ ರಕ್ತ’ದ್ದಂತೂ ಅಲ್ಲವೇ ಅಲ್ಲ. ಕಾಲಿನ ಒತ್ತಡ ಇಳಿಸದ ಯಾವ ಚಿಕಿತ್ಸೆಗೆ ದುಡ್ಡು ಕೊಟ್ಟರೂ ಅದು ಮೇಲ್ಮೈ ಉಪಚಾರ. ನಮ್ಮಲ್ಲಿ ಬಡವರಿಗೆ ಸಿಗುತ್ತಿರುವುದು ಬಹುಪಾಲು ಅದೇ.

ಬಾವಿ, ಪೈಪು, ಫುಟ್‌ವಾಲ್ವ್

ನಾನು ಓದಿದ್ದು ಎಂಜಿನಿಯರಿಂಗ್. ಈ ಕಾಯಿಲೆ ನನಗೆ ಅರ್ಥವಾಗಿದ್ದು ಪಂಪ್‌ಸೆಟ್ ಮೂಲಕ.

ನಿಂತ ಮನುಷ್ಯನ ಹೃದಯದಿಂದ ಪಾದದ ಗಂಟಿನವರೆಗೆ ಹೆಚ್ಚುಕಡಿಮೆ 1.2 ಮೀಟರ್. ಒಂದು ಮೀಟರ್ ಎತ್ತರದ ನೀರಿನ ಕಂಬ ತಳದಲ್ಲಿ ಸುಮಾರು 74 ಮಿ.ಮೀ. ಪಾದರಸದಷ್ಟು ಒತ್ತಡ ಹಾಕುತ್ತೆ. ರಕ್ತ ನೀರಿಗಿಂತ ಚೂರು ಭಾರ. ಗುಣಿಸಿದರೆ 90ರ ಆಸುಪಾಸು ಬರುತ್ತೆ. ಸುಮ್ಮನೆ ನಿಂತಿರುವ ಆರೋಗ್ಯವಂತನ ಪಾದದ ಗಂಟಿನ ಅಭಿಧಮನಿಯಲ್ಲಿ ಅಳೆದರೂ ಹೆಚ್ಚುಕಡಿಮೆ ಇದೇ ಸಂಖ್ಯೆ ಸಿಗುತ್ತೆ. ನಾಳ ದಪ್ಪವೋ ಸಣ್ಣವೋ ಇಲ್ಲಿ ಲೆಕ್ಕಕ್ಕಿಲ್ಲ, ಎತ್ತರ ಮಾತ್ರ ಲೆಕ್ಕ.

ಹೃದಯ 120/80ರಲ್ಲಿ ರಕ್ತ ತಳ್ಳುತ್ತಲ್ಲ, ಅದೇ ಮೇಲೆತ್ತಬಹುದಲ್ವಾ? ಆ ನೂಕು ಸಣ್ಣ ಸಣ್ಣ ಲೋಮನಾಳಗಳನ್ನು ದಾಟುವಷ್ಟರಲ್ಲಿ ಬಹುತೇಕ ಖರ್ಚಾಗಿರುತ್ತೆ. ನಡೆಯುವಾಗ ಕೆಳಗಿನ ರಕ್ತವನ್ನು ಮೇಲೆತ್ತೋಕೆ ಇರುವ ಇನ್ನೊಂದು ಪಂಪು ಮೀನಖಂಡ, ಅಂದರೆ ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಮಾಂಸಖಂಡ. ಒಂದೊಂದು ಹೆಜ್ಜೆಗೂ ಅದು ಬಿಗಿದು, ತನ್ನೊಳಗೆ ಹಾದುಹೋಗುವ ಆಳದ ಅಭಿಧಮನಿಗಳನ್ನು ಹಿಂಡುತ್ತೆ. ಹಿಂಡಿದ ರಕ್ತ ಮೇಲೂ ಹೋಗಬಹುದು, ಕೆಳಗೂ ಬರಬಹುದು. ಕೆಳಗೆ ಬರದಂತೆ ತಡೆಯೋದು ನಾಳದೊಳಗಿನ ಕವಾಟಗಳು. ತೆರೆದ ಬಾವಿಗೆ ಇಳಿಬಿಟ್ಟ ಪೈಪಿನ ತಳದಲ್ಲಿ ಫುಟ್‌ವಾಲ್ವ್ ಇರುತ್ತಲ್ಲ, ಅದೇ ಕೆಲಸ. ಬಾವಿಗೆ ಒಂದೇ ಫುಟ್‌ವಾಲ್ವ್ ಸಾಕು. ಕಾಲಿನ ನಾಳಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಲವು. ರಕ್ತ ದೇಹದಲ್ಲಿ ಸುತ್ತುತ್ತೆ ಅಂತ ವಿಲಿಯಂ ಹಾರ್ವೆ 1628ರಲ್ಲಿ ವಾದಿಸಿದಾಗ, ಈ ಏಕಮುಖ ಕವಾಟಗಳೇ ಅವನ ಮುಖ್ಯ ಸಾಕ್ಷಿಗಳಲ್ಲಿ ಒಂದು.

ಪಂಪು, ವಾಲ್ವು ಎರಡೂ ಸರಿಯಿದ್ದರೆ ನಡೆಯುವಾಗ ಪಾದದ ಗಂಟಿನ ಒತ್ತಡ 90ರಿಂದ 20–30ಕ್ಕೆ ಇಳಿಯುತ್ತೆ. ಇಡೀ ವಿಷಯದ ತಿರುಳು ಈ ಇಳಿಕೆಯೇ. ವಾಲ್ವ್ ಸೋರುತ್ತಿದ್ದರೆ ಹಿಂಡಿದ ರಕ್ತ ವಾಪಸ್ ಜಾರುತ್ತೆ, ನಡೆದರೂ ಒತ್ತಡ ಬೇಕಾದಷ್ಟು ಇಳಿಯಲ್ಲ. ವಾಲ್ವ್ ಚೆನ್ನಾಗಿದ್ದು ಒಂದೇ ಕಡೆ ಅಲುಗಾಡದೆ ನಿಂತರೂ ಪಂಪು ಆಫ್ ಆದ ಹಾಗೇ. ಅದಕ್ಕೇ ದಿನವಿಡೀ ಓಡಾಡುವ ಪೋಸ್ಟ್‌ಮನ್‌ಗಿಂತ ಕೌಂಟರ್ ಹಿಂದೆ ನಿಂತವರ ಕಾಲಿಗೆ ಕಷ್ಟ ಜಾಸ್ತಿ. ಕಾಲು ಇಳಿಬಿಟ್ಟು ಹತ್ತು ಗಂಟೆ ಕೂರುವ ಡ್ರೈವರ್‌ಗಳು, ಐಟಿಯವರು ಕೂಡ ಪೂರ್ತಿ ಪಾರಾಗಿಲ್ಲ, ಕಂಬದ ಎತ್ತರ ಸ್ವಲ್ಪ ಕಮ್ಮಿ ಅಷ್ಟೇ.

ವಾಲ್ವ್ ಯಾಕೆ ಕೆಡುತ್ತೆ? ಮೊದಲನೆಯದು ಅನುವಂಶಿಕತೆ. ಅಪ್ಪ-ಅಮ್ಮ ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬರೋ ಸಾಧ್ಯತೆ ಜಾಸ್ತಿ. ವಯಸ್ಸು, ಬಸಿರು, ತೂಕ, ಹಿಂದೆ ಯಾವಾಗಲೋ ಆಳದ ನಾಳದಲ್ಲಿ ಕಟ್ಟಿದ ರಕ್ತದ ಗೆಡ್ಡೆ ಇವೆಲ್ಲ ಸೇರಿಕೊಳ್ಳುತ್ತವೆ. ನಾಳದ ಗೋಡೆ ಹಿಗ್ಗಿದಾಗ ಕವಾಟದ ಎರಡು ರೆಕ್ಕೆಗಳು ಒಂದನ್ನೊಂದು ಮುಟ್ಟಲ್ಲ, ನಡುವೆ ಸಂದು ಬೀಳುತ್ತೆ. ಸೋರಿದ ರಕ್ತದ ಭಾರ ಕೆಳಗಿನ ನಾಳದ ಮೇಲೆ ಬೀಳುತ್ತೆ, ಅದೂ ಹಿಗ್ಗುತ್ತೆ. ನಿಂತು ಕೆಲಸ ಮಾಡೋದೊಂದೇ ಎಲ್ಲರಿಗೂ ಕಾಯಿಲೆ ತರಲ್ಲ; ದುರ್ಬಲ ಕವಾಟ ಇದ್ದವರನ್ನು ಅದು ಬೇಗ ಹಿಡಿಯುತ್ತೆ.

ಕಾಲು ಕೆಡುವ ಕ್ರಮ

ವೈದ್ಯರು ಇದನ್ನು ಸಿ0ಯಿಂದ ಸಿ6ರವರೆಗೆ ಮೆಟ್ಟಿಲು ಹಾಕಿ ನೋಡ್ತಾರೆ. ಸಿ1 ಅಂದರೆ ಜೇಡರ ಬಲೆಯಂತೆ ಕೆಂಪು-ನೀಲಿ ಎಳೆಗಳು. ನೋಡೋಕೆ ಚೆನ್ನಾಗಿರಲ್ಲ ಅನ್ನೋದು ಬಿಟ್ಟರೆ ಹೆಚ್ಚಿನವರಿಗೆ ಅದರಿಂದ ಅಪಾಯವಿಲ್ಲ. ಸಿ2 ಉಬ್ಬಿದ ನಾಳ. ಸಿ3 ಊತ: ಸಂಜೆಗೆ ಚಪ್ಪಲಿ ಬಿಗಿಯಾಗುತ್ತೆ, ಕಾಲ್ಚೀಲದ ಗುರುತು ಉಳಿಯುತ್ತೆ, ರಾತ್ರಿ ಮಲಗೆದ್ದರೆ ಇಳಿದಿರುತ್ತೆ.

ನಿಜವಾದ ಗಡಿ ಇರೋದು ಸಿ4ರಲ್ಲಿ. ಹೆಚ್ಚಿದ ಒತ್ತಡಕ್ಕೆ ರಕ್ತಕಣಗಳು ಲೋಮನಾಳದಿಂದ ಹೊರಗೆ ಜಿನುಗುತ್ತವೆ. ಅವು ಒಡೆದಾಗ ಅದರೊಳಗಿನ ಕಬ್ಬಿಣ ಚರ್ಮದಲ್ಲೇ ಉಳಿಯುತ್ತೆ. ಪಾದದ ಗಂಟಿನ ಮೇಲೆ, ಅದರಲ್ಲೂ ಒಳಬದಿಯಲ್ಲಿ, ತುಕ್ಕಿನ ಬಣ್ಣದ ಕಪ್ಪು ಪಟ್ಟೆ ಬರುತ್ತೆ. ತುರಿಕೆ, ಸಿಪ್ಪೆ ಏಳೋದು, ಮುಂದೆ ಚರ್ಮ ಗಟ್ಟಿಯಾಗಿ ಮರದಂತಾಗೋದು. ಈ ಹಂತದಲ್ಲಿ ಜನ ಹೋಗೋದು ಚರ್ಮದ ಡಾಕ್ಟರ್ ಹತ್ತಿರ, ಅಥವಾ ಅದೂ ಇಲ್ಲದೆ ಮೆಡಿಕಲ್ ಶಾಪ್‌ನ ತುರಿಕೆ ಮುಲಾಮಿಗೆ. ಆಮೇಲೆ ಒಂದು ದಿನ ಬಾಗಿಲ ಹೊಸ್ತಿಲು ತಾಗಿಯೋ, ಸೊಳ್ಳೆ ಕಚ್ಚಿದ್ದನ್ನು ಕೆರೆದೋ ಸಣ್ಣ ಗಾಯ ಆಗುತ್ತೆ. ಅದು ಮಾಯಲ್ಲ. ಅದೇ ಸಿ6, ತೆರೆದ ಹುಣ್ಣು. ಮಾಯ್ದ ಹುಣ್ಣಿನ ಕಲೆ ಉಳಿದವರು ಸಿ5.

ನಮ್ಮ ಸೋದರಮಾವ ಹೋಟೆಲ್‌ನಲ್ಲಿ ದೋಸೆ ಕಾವಲಿ ಮುಂದೆ 22 ವರ್ಷ ನಿಂತವರು. ಎಡಗಾಲ ಒಳಬದಿಯ ಹುಣ್ಣಿಗೆ ಮೂರು ಕಡೆ ಡ್ರೆಸ್ಸಿಂಗ್ ಮಾಡಿಸಿದರು, ಎರಡೂವರೆ ವರ್ಷ. ಶುಗರ್ ಟೆಸ್ಟ್ ನಾಲ್ಕು ಸಲ ಆಯ್ತು, ಪ್ರತಿ ಸಲವೂ ನಾರ್ಮಲ್. ಆಂಟಿಬಯಾಟಿಕ್ ಕೋರ್ಸ್‌ಗಳ ಲೆಕ್ಕ ಅವರಿಗೇ ಇಲ್ಲ. ಇಷ್ಟೂ ದಿನ ಅವರನ್ನು ನೋಡಿದ್ದು ಮೇಜಿನ ಮೇಲೆ ಮಲಗಿಸಿ. ಮಲಗಿದಾಗ ಕಂಬದ ಎತ್ತರವೇ ಇಲ್ಲ, ಉಬ್ಬಿದ ನಾಳ ಚಪ್ಪಟೆಯಾಗಿ ಮಾಯವಾಗುತ್ತೆ. ‘ಸ್ವಲ್ಪ ಎದ್ದು ನಿಂತ್ಕೊಳಿ, ಪಂಚೆ ಮೇಲೆತ್ತಿ’ ಅಂತ ನಾಲ್ಕನೇ ಡಾಕ್ಟರ್ ಹೇಳಿದಾಗ ತೊಡೆಯಿಂದ ಕೆಳಗಿನವರೆಗೆ ಎಲ್ಲ ಎದ್ದು ಕಂಡಿತು. ಕಾಲಿನ ಈ ತೊಂದರೆಗೆ ಹೋದಾಗ ನಿಮ್ಮನ್ನು ನಿಲ್ಲಿಸಿ ನೋಡದಿದ್ದರೆ, ನೀವೇ ಎದ್ದು ನಿಂತು ತೋರಿಸಿ.

ಎಲ್ಲ ಊತವೂ ಇದೇ ಅಲ್ಲ

ಇಲ್ಲಿ ಎಚ್ಚರ ಬೇಕು. ಬಿಪಿಗೆ ಧಾರಾಳವಾಗಿ ಬರೆಯುವ ಅಮ್ಲೋಡಿಪಿನ್ ಮಾತ್ರೆಯೇ ಎಷ್ಟೋ ಜನರ ಎರಡೂ ಕಾಲು ಊದಿಸುತ್ತೆ. ಹೃದಯ, ಕಿಡ್ನಿ, ಲಿವರ್ ತೊಂದರೆಯಲ್ಲೂ ಎರಡೂ ಕಾಲು ಊದುತ್ತವೆ. ಕರಾವಳಿಯಲ್ಲಿ, ಬೀದರ್-ಕಲಬುರಗಿ ಕಡೆಯಲ್ಲಿ ಆನೆಕಾಲು ರೋಗದ ಊತ ಇನ್ನೂ ಕಾಣಸಿಗುತ್ತೆ. ಅದು ದುಗ್ಧನಾಳದ ಸಮಸ್ಯೆ, ರಾತ್ರಿ ಮಲಗಿದ ಮಾತ್ರಕ್ಕೆ ಪೂರ್ತಿ ಇಳಿಯಲ್ಲ, ಪಾದದ ಮೇಲ್ಭಾಗ, ಬೆರಳುಗಳೂ ದಪ್ಪಗಾಗುತ್ತವೆ.

ಒಂದೇ ಕಾಲು, ಒಂದೆರಡು ದಿನದಲ್ಲಿ, ನೋವಿನ ಜೊತೆ ಊದಿಕೊಂಡರೆ ಈ ಲೇಖನ ಓದುತ್ತಾ ಕೂರಬೇಡಿ. ಆಪರೇಷನ್, ಹೆರಿಗೆ, ಕಾಲಿಗೆ ಪ್ಲಾಸ್ಟರ್, ದೂರ ಪ್ರಯಾಣ, ಕ್ಯಾನ್ಸರ್ ಚಿಕಿತ್ಸೆ ಇವುಗಳ ನಂತರ ಹೀಗಾದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಅನುಮಾನ ಬಲವಾಗುತ್ತೆ. ಅದನ್ನು ಡೀಪ್ ವೇನ್ ಥ್ರಾಂಬೋಸಿಸ್ ಅಂತಾರೆ. ಆ ಗೆಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಉಸಿರಾಟದ ತೊಂದರೆ, ಎದೆನೋವು, ಸಾವು ಕೂಡ. ಅಂಥ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕೋದು ನಮ್ಮ ಮನೆಗಳಲ್ಲಿ ತುಂಬ ಸಾಮಾನ್ಯ. ದಯವಿಟ್ಟು ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಅಪಧಮನಿಯ ತೊಂದರೆ, ಅಂದರೆ ಕಾಲಿಗೆ ರಕ್ತ ಬರುವ ದಾರಿಯೇ ಕಟ್ಟಿಕೊಂಡಿರೋದು. ಬೀಡಿ-ಸಿಗರೇಟ್ ಸೇದುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಇವೆರಡರ ಲಕ್ಷಣ ಹೆಚ್ಚುಕಡಿಮೆ ಉಲ್ಟಾ. ಅಭಿಧಮನಿ ತೊಂದರೆಗೆ ಕಾಲು ಮೇಲೆತ್ತಿದರೆ ಹಾಯ್ ಅನ್ಸುತ್ತೆ, ನಡೆದರೆ ಹಗುರ. ಅಪಧಮನಿ ತೊಂದರೆಗೆ ನಡೆದರೆ ಮೀನಖಂಡ ಹಿಡಿಯುತ್ತೆ, ಕಾಲು ಇಳಿಬಿಟ್ಟರೆ ಸ್ವಲ್ಪ ಸಮಾಧಾನ, ಹುಣ್ಣು ಬೆರಳ ತುದಿಯಲ್ಲೋ ಹಿಮ್ಮಡಿಯಲ್ಲೋ ಆಗುತ್ತೆ. ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ಮೊದಲನೆಯದಕ್ಕೆ ಮದ್ದಾದ ಬಿಗಿಯಾದ ಪಟ್ಟಿ ಎರಡನೆಯದಕ್ಕೆ ಕಾಲು ಕಳೆಯುವಷ್ಟು ಅಪಾಯ. ಅದಕ್ಕೇ ಬಿಗಿ ಪಟ್ಟಿ ಸುತ್ತುವ ಮೊದಲು ಪಾದದ ಗಂಟಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡ್ತಾರೆ. ಸಾಮಾನ್ಯವಾಗಿ 0.8ಕ್ಕಿಂತ ಮೇಲಿದ್ದರೆ ಪೂರ್ತಿ ಬಿಗಿ ಹಾಕಬಹುದು, 0.5ಕ್ಕಿಂತ ಕೆಳಗಿದ್ದರೆ ಕೈ ಹಾಕಬಾರದು. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಟ್ಟಿಯಾಗಿ ಈ ಸಂಖ್ಯೆ ಸುಳ್ಳೇ ಮೇಲೆ ತೋರಿಸಬಹುದು ಅನ್ನೋದನ್ನೂ ನೆನಪಿಡಿ. ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಮತ್ತು ಬಿಪಿ ಪಟ್ಟಿ ಇದ್ದರೆ ಸಾಕಾಗುವ ಪರೀಕ್ಷೆ ಇದು.

ಅಭಿಧಮನಿ ಸೋರಿಕೆ ಎಲ್ಲಿದೆ ಅಂತ ಪತ್ತೆ ಮಾಡೋದು ಕಲರ್ ಡಾಪ್ಲರ್ ಸ್ಕ್ಯಾನ್. ನೋವಿಲ್ಲ, ಸೂಜಿಯಿಲ್ಲ. ಮೀನಖಂಡ ಒತ್ತಿ ಬಿಟ್ಟಾಗ ಮೇಲ್ಪದರದ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಸೋರುತ್ತಿದೆ ಅಂತ ಅರ್ಥ. ಈ ಸೋರಿಕೆ ಪರೀಕ್ಷೆಯನ್ನೂ ನಿಲ್ಲಿಸಿಯೇ ಮಾಡಬೇಕು.

ಬಿಗಿ ಕಾಲ್ಚೀಲ: ಡಬ್ಬದ ಮೇಲಿನ ಸಂಖ್ಯೆ ಓದಿ

ಕಂಪ್ರೆಷನ್ ಸ್ಟಾಕಿಂಗ್ ಅಂದರೆ ಬರೀ ಟೈಟ್ ಸಾಕ್ಸ್ ಅಲ್ಲ. ಪಾದದ ಗಂಟಿನಲ್ಲಿ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ. ಹೊರಗಿನಿಂದ ಒತ್ತಿ ನಾಳದ ವ್ಯಾಸ ಕಮ್ಮಿ ಮಾಡುತ್ತೆ, ಮೀನಖಂಡದ ಪಂಪಿಗೆ ಗೋಡೆಯಂತೆ ಆಸರೆಯಾಗುತ್ತೆ. ಅಂಗಡಿಯಲ್ಲಿ ‘ಕ್ಲಾಸ್ 2 ಕೊಡಿ’ ಅಂತ ಕೇಳೋದು ರೂಢಿ. ಆದರೆ ಬ್ರಿಟಿಷ್ ಅಳತೆಯಲ್ಲಿ ಕ್ಲಾಸ್ 2 ಅಂದರೆ 18–24 ಮಿ.ಮೀ., ಜರ್ಮನ್ ಅಳತೆಯಲ್ಲಿ 23–32. ಹೆಸರು ಒಂದೇ, ಬಿಗಿ ಬೇರೆ. ಹಾಗಾಗಿ ಕ್ಲಾಸ್ ನೋಡಬೇಡಿ, ಡಬ್ಬದ ಮೇಲೆ ಎಂಎಂ ಎಚ್‌ಜಿ ಎಂದು ಬರೆದಿರುವ ಸಂಖ್ಯೆ ನೋಡಿ. ಅದು ಇಲ್ಲದ, ಬರೀ ಸ್ಮಾಲ್-ಮೀಡಿಯಂ-ಲಾರ್ಜ್ ಅಂತಿರುವ ಅಗ್ಗದ ಮಾಲು ಕೊಳ್ಳೋದರ ಬದಲು ಆ ದುಡ್ಡು ಉಳಿಸಿ.

ಅಳತೆ ಬೆಳಗ್ಗೆ ಕೊಡಬೇಕು, ಊತ ಏರುವ ಮೊದಲು. ಹಾಕಿಕೊಳ್ಳೋದೂ ಹಾಸಿಗೆಯಿಂದ ಎದ್ದ ಕೂಡಲೇ. ರಾತ್ರಿ ತೆಗೆದಿಡಬಹುದು. ಹೆಚ್ಚಿನವರಿಗೆ ಮೊಣಕಾಲವರೆಗಿನದ್ದು ಸಾಕು; ತೊಡೆವರೆಗಿನದು ಜಾರಿ ಸುರುಳಿಯಾಗಿ ಒಂದೇ ಕಡೆ ದಾರ ಕಟ್ಟಿದಂತಾದರೆ ಉಪಯೋಗಕ್ಕಿಂತ ಉಪದ್ರವ. ಎಲಾಸ್ಟಿಕ್ ಸುಮಾರು ಆರು ತಿಂಗಳಿಗೆ ಸಡಿಲಾಗುತ್ತೆ, ಆಮೇಲೆ ಅದು ಬರೀ ಕಾಲ್ಚೀಲ. ರಬ್ಬರ್ ಗ್ಲೌಸ್ ಹಾಕಿಕೊಂಡರೆ ಏರಿಸೋದು ಸುಲಭ. ರಾಯಚೂರಿನ ಏಪ್ರಿಲ್‌ನಲ್ಲಿ ಇದನ್ನು ಹಾಕಿಕೊಂಡು ಕಾವಲಿ ಮುಂದೆ ನಿಲ್ಲಿ ಅಂತ ಬರೆಯೋದು ಸುಲಭ ಅಂತ ನನಗೂ ಗೊತ್ತು. ಎಲ್ಲಕ್ಕಿಂತ ಬಿಗಿಯಾದದ್ದು ಕೊಂಡು ಮೂಲೆಗೆ ಎಸೆಯೋದಕ್ಕಿಂತ, ವೈದ್ಯರನ್ನು ಕೇಳಿ ಒಂದು ಹಂತ ಸಡಿಲದ್ದು ದಿನಾ ಹಾಕೋದು ಮೇಲು.

ಆದರೆ ಇದು ಕವಾಟ ರಿಪೇರಿ ಮಾಡಲ್ಲ. ಕನ್ನಡಕದ ಹಾಗೆ, ಹಾಕಿದಷ್ಟು ಹೊತ್ತು ಕೆಲಸ. ಬ್ರಿಟನ್ನಿನ ನೈಸ್ ಸಂಸ್ಥೆ (ನಮ್ಮ ನೈಸ್ ರೋಡಿಗೂ ಇದಕ್ಕೂ ಸಂಬಂಧವಿಲ್ಲ) 2013ರ ಮಾರ್ಗಸೂಚಿಯಲ್ಲಿ ಇದನ್ನು ಇನ್ನೂ ಖಡಕ್ಕಾಗಿ ಹೇಳಿದೆ: ನಾಳ ಮುಚ್ಚುವ ಚಿಕಿತ್ಸೆ ಮಾಡಲು ಸಾಧ್ಯವಿಲ್ಲದಿದ್ದಾಗ ಮಾತ್ರ ವೆರಿಕೋಸ್ ವೇನ್ಸ್‌ಗೆ ಸ್ಟಾಕಿಂಗನ್ನು ಚಿಕಿತ್ಸೆಯಾಗಿ ಕೊಡಿ. ಬಸುರಿಯರು ಇದಕ್ಕೆ ಹೊರತು. ಬಸಿರಿನಲ್ಲಿ ನಾಳ ಮುಚ್ಚಲ್ಲ, ಹೆರಿಗೆಯ ನಂತರ ಎಷ್ಟೋ ಇಳಿಯುತ್ತೆ, ಅಲ್ಲಿವರೆಗೆ ಸ್ಟಾಕಿಂಗ್‌ನಿಂದ ನೆಮ್ಮದಿ.

ನಾಳವನ್ನೇ ಮುಚ್ಚೋದು

ಜನ ಮೊದಲು ಕೇಳೋ ಪ್ರಶ್ನೆ, ‘ನಾಳ ಮುಚ್ಚಿದ್ರೆ ರಕ್ತ ಎಲ್ಲಿಂದ ಹೋಗುತ್ತೆ?’ ಸರಿಯಾದ ಪ್ರಶ್ನೆ. ಕಾಲಿನ ರಕ್ತದಲ್ಲಿ ಸುಮಾರು ಶೇ. 90 ವಾಪಸ್ ಹೋಗೋದು ಆಳದ ನಾಳಗಳ ಮೂಲಕ. ಸಾಮಾನ್ಯವಾಗಿ ಕೆಡೋದು ಮೇಲ್ಪದರದ ಗ್ರೇಟ್ ಸಫೀನಸ್ ವೇನ್, ಪಾದದ ಒಳಬದಿಯಿಂದ ತೊಡೆಸಂದಿವರೆಗೆ ಹೋಗುವ ಉದ್ದದ ನಾಳ. ಹೃದಯದ ಬೈಪಾಸ್‌ಗೆ ಕಾಲಿನಿಂದ ತೆಗೆಯೋದು ಇದನ್ನೇ. ಸೋರುವ ಪೈಪಿನಲ್ಲಿ ರಕ್ತ ಮೇಲೆ ಹೋಗ್ತಾನೇ ಇಲ್ಲ, ಕೆಳಗೆ ಬರ್ತಿದೆ; ಅದನ್ನು ಬಂದ್ ಮಾಡಿದರೆ ಉಳಿದ ಪೈಪುಗಳ ಭಾರ ಕಮ್ಮಿಯೇ ಆಗುತ್ತೆ. ಆಳದ ನಾಳವೇ ಕಟ್ಟಿಕೊಂಡಿದ್ದರೆ ಮಾತ್ರ ಈ ಲೆಕ್ಕ ತಲೆಕೆಳಗು. ಅದಕ್ಕೇ ಸ್ಕ್ಯಾನ್ ಇಲ್ಲದೆ ಇದಕ್ಕೆ ಯಾರೂ ಇಳಿಯಬಾರದು.

ಹಿಂದೆ ತೊಡೆಸಂದಿಯಲ್ಲಿ ಕೊಯ್ದು, ನಾಳ ಕಟ್ಟಿ, ಎಳೆದು ತೆಗೆಯುತ್ತಿದ್ದರು. ಈಗಲೂ ಮಾಡ್ತಾರೆ, ಸರಿಯಾಗಿ ಮಾಡಿದರೆ ಅದು ಕೆಟ್ಟ ಚಿಕಿತ್ಸೆಯೇನಲ್ಲ, ಸರ್ಕಾರಿ ಆಸ್ಪತ್ರೆಯ ಜನರಲ್ ಸರ್ಜನ್ ಕೈಯಲ್ಲಿ ಆಗುವಂಥದ್ದು. ಈಗ ಮೊದಲ ಆಯ್ಕೆ ಶಾಖದ್ದು: ಲೇಸರ್ ಅಥವಾ ರೇಡಿಯೋಫ್ರೀಕ್ವೆನ್ಸಿ. ಮೊಣಕಾಲಿನ ಹತ್ತಿರ ಸೂಜಿಯಲ್ಲಿ ತೂರಿಸಿದ ತೆಳು ಕೆಥೆಟರ್ ನಾಳದೊಳಗೆ ಮೇಲೆ ಹೋಗುತ್ತೆ, ಸುತ್ತಲೂ ಮರಗಟ್ಟಿಸುವ ದ್ರವ ತುಂಬಿಸ್ತಾರೆ, ಆಮೇಲೆ ಕೆಥೆಟರನ್ನು ಕೆಳಗೆಳೆಯುತ್ತಾ ಒಳಗಿನಿಂದ ಸುಡ್ತಾರೆ. ಬಳಕೆಯಲ್ಲಿರುವ ಒಂದು ರೇಡಿಯೋಫ್ರೀಕ್ವೆನ್ಸಿ ಕೆಥೆಟರ್ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಸೆಕೆಂಡಿಗೆ 7 ಸೆಂ.ಮೀ. ಮುಚ್ಚುತ್ತೆ. ಅದೇ ದಿನ ನಡೆದು ಮನೆಗೆ ಹೋಗಬಹುದು. ಅದು ಆಗದಿದ್ದರೆ ಔಷಧಿಯನ್ನು ಗಾಳಿ ಬೆರೆಸಿ ನೊರೆ ಮಾಡಿ ಚುಚ್ಚುವ ಫೋಮ್ ಸ್ಕ್ಲೀರೋಥೆರಪಿ, ಅದೂ ಆಗದಿದ್ದರೆ ಆಪರೇಷನ್. ನೈಸ್ ಹೇಳಿದ ಕ್ರಮ ಇದೇ. ಅಂಟು ಹಾಕಿ ಮುಚ್ಚುವ ಹೊಸ ವಿಧಾನವೂ ಇದೆ. ಆ ಅಂಟು ಫೆವಿಕ್ವಿಕ್ ಕುಟುಂಬದ್ದೇ, ಸಯನೋಅಕ್ರಿಲೇಟ್.

‘ನೋವಿಲ್ಲ, ಗಾಯವಿಲ್ಲ, 30 ನಿಮಿಷದಲ್ಲಿ ಗುಣ’ ಅನ್ನೋ ಹೋರ್ಡಿಂಗ್‌ಗಳು ಹೇಳದಿರುವುದನ್ನೂ ಹೇಳ್ಬೇಕು. ಕೆಲವರಿಗೆ ಚರ್ಮ ಜೋಮು ಹಿಡಿದಂತೆ ಉಳಿಯುತ್ತೆ, ಅಪರೂಪಕ್ಕೆ ಸುಟ್ಟ ಗಾಯ, ಆಳದ ನಾಳದಲ್ಲಿ ಗೆಡ್ಡೆ. ಕೆಲವು ವರ್ಷಗಳಲ್ಲಿ ಬೇರೆ ನಾಳದಲ್ಲಿ ಮತ್ತೆ ಕಾಣಿಸೋದಂತೂ ಮಾಮೂಲು. ಬರೀ ಜೇಡರ ಬಲೆಯಂಥ ಎಳೆಗಳಿಗೆ ಲಕ್ಷದ ಪ್ಯಾಕೇಜ್ ಮಾರುವವರಿಂದ ದೂರವಿರಿ. ತಮಾಷೆ ಅಂದ್ರೆ, ಸಿ1 ಇರುವವರಿಗೆ ಲೇಸರ್ ಜಾಹೀರಾತು ಫೋನಿಗೇ ಬರುತ್ತೆ; ಸಿ6 ಇರುವವರಿಗೆ ವರ್ಷಗಟ್ಟಲೆ ಡ್ರೆಸ್ಸಿಂಗ್. ಇನ್ಶೂರೆನ್ಸ್ ಇದ್ದರೆ ಪಾಲಿಸಿ ಪುಸ್ತಕ ತೆಗೆದು ನೋಡಿ: ಹಲವು ಪಾಲಿಸಿಗಳು ವೆರಿಕೋಸ್ ವೇನ್ಸನ್ನು ಎರಡು ವರ್ಷ ಕಾಯಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿರುತ್ತವೆ.

ಡಯಾಸ್ಮಿನ್‌ನಂಥ ಮಾತ್ರೆಗಳು ಭಾರ, ಊತ ಸ್ವಲ್ಪ ಇಳಿಸಬಹುದು, ಕವಾಟ ಸರಿ ಮಾಡಲ್ಲ. ಜಿಗಣೆ ಬಿಡಿಸಿದರೆ ಆ ಹೊತ್ತಿಗೆ ರಕ್ತ ಇಳಿದು ಹಗುರ ಅನ್ಸಬಹುದು. ಎದ್ದು ನಿಂತ ತಕ್ಷಣ ಕಂಬದ ಎತ್ತರ ಮತ್ತೆ ಅದೇ 1.2 ಮೀಟರ್. ಗೋಡೆಗೆ ಕಾಲು ಚಾಚಿ ಮಲಗೋದು ಇದಕ್ಕಿಂತ ವಾಸಿ, ಖರ್ಚೂ ಇಲ್ಲ.

ಹುಣ್ಣು ಆದವರಿಗೆ

ಇಲ್ಲಿ ಸಾಕ್ಷ್ಯ ಸ್ಪಷ್ಟವಾಗಿದೆ. ಬ್ರಿಟನ್ನಿನ 20 ಕೇಂದ್ರಗಳಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಎವ್ರಾ ಪ್ರಯೋಗದಲ್ಲಿ ಎಲ್ಲರಿಗೂ ಬಿಗಿ ಪಟ್ಟಿ ಕಟ್ಟಿದರು. ಅರ್ಧ ಜನರಿಗೆ ಎರಡು ವಾರದೊಳಗೇ ಸೋರುವ ನಾಳ ಮುಚ್ಚಿದರು, ಉಳಿದವರಿಗೆ ಹುಣ್ಣು ಮಾಯಲಿ ಅಂತ ಕಾದರು. ಬೇಗ ಮುಚ್ಚಿಸಿಕೊಂಡವರ ಹುಣ್ಣು ಮಾಯಲು ಬೇಕಾದ ಮಧ್ಯಮ ಅವಧಿ 56 ದಿನ, ಕಾದವರದು 82 ದಿನ. ‘ಹುಣ್ಣು ಮೊದಲು ಮಾಯಲಿ, ಆಮೇಲೆ ನೋಡೋಣ’ ಅನ್ನೋ ಮಾತು ಕೇಳಿದರೆ ಈ ಎರಡು ಸಂಖ್ಯೆ ನೆನಪಿರಲಿ.

ನಾಳ ಮುಚ್ಚೋದು ಸದ್ಯಕ್ಕೆ ಆಗದಿದ್ದರೂ ಬಿಗಿ ಪಟ್ಟಿಯಂತೂ ಆಗಬೇಕು. ಪಾದದ ಗಂಟಿನಲ್ಲಿ ಸುಮಾರು 40 ಮಿ.ಮೀ. ಒತ್ತಡ ಕೊಡುವ ಹಲವು ಪದರದ ಪಟ್ಟಿಯನ್ನು ಕಲಿತವರು ಕಟ್ಟಬೇಕು, ಮೇಲೆ ಹೇಳಿದ ಅಪಧಮನಿ ಪರೀಕ್ಷೆ ಆದ ಮೇಲೆ. ಸಾದಾ ಕ್ರೇಪ್ ಬ್ಯಾಂಡೇಜ್ ಕಟ್ಟಿದ ಕೆಲವೇ ಗಂಟೆಗಳಲ್ಲಿ ಸಡಿಲವಾಗುತ್ತೆ. ಹುಣ್ಣನ್ನು ಶುದ್ಧ ನೀರಿನಲ್ಲಿ ತೊಳೆದರೆ ಸಾಕು. ಜ್ವರ, ಹಬ್ಬುತ್ತಿರುವ ಕೆಂಪು, ಹೆಚ್ಚುತ್ತಿರುವ ನೋವು ಇಲ್ಲದಿದ್ದರೆ ಆಂಟಿಬಯಾಟಿಕ್ ಬೇಕಿಲ್ಲ. ನಿಯೋಮೈಸಿನ್ ಇರುವ ಮುಲಾಮು ಹಚ್ಚಿ ಹಚ್ಚಿ ಸುತ್ತಲ ಚರ್ಮಕ್ಕೆ ಅಲರ್ಜಿಯಾಗಿ ಇನ್ನಷ್ಟು ಕೆಡುವುದು ಈ ಹುಣ್ಣುಗಳಲ್ಲಿ ಚಿರಪರಿಚಿತ. ಸರಿಯಾದ ಚಿಕಿತ್ಸೆಗೂ ಜಗ್ಗದೆ, ಅಂಚು ಎತ್ತರಿಸಿಕೊಂಡು ಬೆಳೆಯುವ ಹಳೇ ಹುಣ್ಣನ್ನು ಬಯಾಪ್ಸಿ ಮಾಡಿಸಲೇಬೇಕು, ಅಪರೂಪಕ್ಕೆ ಅಲ್ಲಿ ಕ್ಯಾನ್ಸರ್ ಹುಟ್ಟುತ್ತೆ.

ಮಾವನ ಹುಣ್ಣು ಪಟ್ಟಿ ಮತ್ತು ಆಪರೇಷನ್ ಎರಡೂ ಆದ ಮೇಲೆ ಮೂರು ತಿಂಗಳಲ್ಲಿ ಮಾಯಿತು. ಕಪ್ಪು ಕಲೆ ಹಾಗೇ ಇದೆ.

ತೆಳುವಾದ ಚರ್ಮದ ಕೆಳಗಿನ ಉಬ್ಬು ಒಡೆದರೆ ರಕ್ತ ಚಿಮ್ಮುತ್ತೆ, ಸ್ನಾನದ ಮನೆಯಲ್ಲಿ ಆಗೋದು ಜಾಸ್ತಿ. ನೋಡಿದವರು ಗಾಬರಿಯಲ್ಲಿ ಮೇಲ್ಗಡೆ ಬಿಗಿಯಾಗಿ ಬಟ್ಟೆ ಕಟ್ಟಿಬಿಡ್ತಾರೆ. ಅದು ತಪ್ಪು, ವಾಪಸ್ ಹೋಗೋ ದಾರಿ ಕಟ್ಟಿ ರಕ್ತಸ್ರಾವ ಹೆಚ್ಚಾಗುತ್ತೆ. ತಕ್ಷಣ ಮಲಗಿಸಿ, ಕಾಲನ್ನು ಎದೆಗಿಂತ ಮೇಲೆ ಎತ್ತಿ, ಚೊಕ್ಕ ಬಟ್ಟೆಯಿಂದ ಅದೇ ಜಾಗದ ಮೇಲೆ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತ ಮೇಲೆ ಆಸ್ಪತ್ರೆ. ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆ.

ಕೂರುವ ಹಕ್ಕು

ಡಾಕ್ಟರ್ ಚೀಟಿಯಲ್ಲಿ ‘ಹೆಚ್ಚು ಹೊತ್ತು ನಿಲ್ಲಬೇಡಿ’ ಅಂತ ಬರೆಯೋದು ಸುಲಭ. ಅಂಗಡಿಯ ಸಿಸಿಟಿವಿ ಕೆಳಗೆ ನಿಂತಿರುವ ಹುಡುಗಿ ಅದನ್ನು ಯಾರಿಗೆ ತೋರಿಸಬೇಕು?

ಕೇರಳದಲ್ಲಿ ಇದು ಬೀದಿಗೆ ಬಂತು. ಕೋಳಿಕ್ಕೋಡಿನಲ್ಲಿ ಪಿ. ವಿಜಿ ಮತ್ತು ಅವರ ಪೆಣ್‌ಕೂಟ್ಟು ಸಂಘಟನೆ ಜವಳಿ ಅಂಗಡಿಯ ಹೆಣ್ಣುಮಕ್ಕಳ ಶೌಚಾಲಯ ಮತ್ತು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿತು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಕೂರುವ ವ್ಯವಸ್ಥೆ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಕಾರ್ಖಾನೆಗಳಿಗೆ ಇದು ಹೊಸತೇನಲ್ಲ: 1948ರ ಫ್ಯಾಕ್ಟರೀಸ್ ಆಕ್ಟ್‌ನ 44ನೇ ಸೆಕ್ಷನ್, ನಿಂತೇ ಕೆಲಸ ಮಾಡಬೇಕಾದವರಿಗೆ ಬಿಡುವು ಸಿಕ್ಕಾಗ ಕೂರಲು ಆಸನ ಇರಬೇಕು ಅಂತ ಆಗಲೇ ಬರೆದಿತ್ತು. ಪಕ್ಕದ ಎರಡು ರಾಜ್ಯಗಳು ಅಂಗಡಿ ಕೆಲಸಗಾರರಿಗೆ ಹೆಸರಿಟ್ಟು ಬರೆದುಕೊಟ್ಟ ಹಕ್ಕನ್ನು ಕರ್ನಾಟಕ ತನ್ನ 1961ರ ಅಂಗಡಿ ಕಾಯ್ದೆಯಲ್ಲೂ ಅಷ್ಟೇ ನೇರವಾಗಿ ಬರೆಯಬೇಕು. ಗಿರಾಕಿ ಬಂದಾಗ ಕೂತಿದ್ದರೆ ಅಗೌರವ ಅನ್ನೋ ಮಾಲೀಕರ ವಾದ ನನಗೆ ಅರ್ಥವಾಗಲ್ಲ. ಬ್ಯಾಂಕಿನ ಕ್ಯಾಶಿಯರ್ ಕೂತೇ ದುಡ್ಡು ಎಣಿಸಿ ಕೊಡ್ತಾರೆ, ನಮ್ಮ ಗೌರವಕ್ಕೇನೂ ಆಗಿಲ್ಲ.

ಸ್ಟೂಲ್ ಬರುವವರೆಗೆ ನಿಂತಲ್ಲೇ ಪಂಪು ಆನ್ ಮಾಡೋ ಉಪಾಯ ಒಂದಿದೆ. ಅರ್ಧ ಗಂಟೆಗೊಮ್ಮೆ ಕೌಂಟರ್ ಹಿಡಿದುಕೊಂಡು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯಿರಿ, 20 ಸಲ. ಒಂದು ಕಾಲನ್ನು ಸಣ್ಣ ಮಣೆ ಅಥವಾ ಇಟ್ಟಿಗೆಯ ಮೇಲಿಟ್ಟು, ಆಗಾಗ ಕಾಲು ಬದಲಿಸಿ. ಊಟದ ಬಿಡುವಿನಲ್ಲಿ ಬಟ್ಟೆಯ ಬಂಡಲ್ ಮೇಲೆ ಕಾಲಿಟ್ಟು ಹತ್ತು ನಿಮಿಷ ಮಲಗೋಕೆ ಸ್ಟೋರ್‌ರೂಮಿನಲ್ಲಿ ಜಾಗ ಇದ್ದರೆ ಬಿಡಬೇಡಿ. ರಾತ್ರಿ ಮಂಚದ ಕಾಲಿನ ಕಡೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಹೃದಯದ ತೊಂದರೆ, ಉಸಿರಾಟದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹಾಗೆ ಮಾಡಬಾರದು.